ಮೂರು ಸಲ ಆಡಿ ನೋಡಿದ ಗಾರ್ಡ್ ಸಾಹೇಬರು

ಗಾರ್ಡ್ ಸಾಹೇಬರು ಎಲ್ಲೇ ನಿಂತರೂ ಎರಡೂ ಕಾಲು ಅಗಲಿಸಿ, ಮೊಣಕಾಲು ತುಸು ಸಡಿಲ ಬಿಟ್ಟು ನಿಲ್ಲುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ಓಡಾಡಿದ ಮನುಷ್ಯ. ನಿವೃತ್ತಿಯಾದ ಮೇಲೂ ನೆಲ ಅಲುಗುವುದು ನಿಂತಿದೆ ಎಂದು ಅವರ ಕಾಲಿಗೆ ನಂಬಿಕೆ ಬಂದಿರಲಿಲ್ಲ. ಹಾಗೆ ನಿಂತುಕೊಂಡು, ಕೆಳತುಟಿಯನ್ನು ಎಡಕ್ಕೆಳೆದು, ಎದುರಿನವರ ಮಾತು ಮುಗಿಯುವ ತನಕ ಕಾಯುತ್ತಿದ್ದರು. ತುಟಿ ಎಡಕ್ಕೆ ಹೋಯಿತೆಂದರೆ ಆ ಮಾತಿಗೆ ಉಳಿಗಾಲವಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ಬಿ.ಎ. ಮುಗಿಸಿ ವಾಡಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಅವರು ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದರು. ಕರೆದುಕೊಂಡು ಬಂದವರು ಅವರ ಹೆಂಡತಿ. ನಾನು ಕಾಕು ಎನ್ನುತ್ತಿದ್ದೆ. "ಏನರೆ ಕಲಿಸವ್ವ ಇವರಿಗೆ. ದಿನಾ ಮನ್ಯಾಗ ಕುಂತು, ಉಪ್ಪು ಹೆಚ್ಚಾತು ಖಾರ ಕಡಿಮಿ ಆತು ಅಂತ ನನ್ನ ಅಡಿಗಿಗೆ ಹೆಸರಿಡಾಕತ್ತಾರ," ಎಂದು ಹೇಳಿ, ಅವರನ್ನು ಬಿಟ್ಟು ಸಂತೆಗೆ ಹೋದರು.

ಭಾನುವಾರ ಪಾಠವಿರುತ್ತಿರಲಿಲ್ಲ. ಮಧ್ಯಾಹ್ನ ನಾಲ್ಕೈದು ಜನ ಕಂಪ್ಯೂಟರ್ ಆಟ ಆಡಲು ಬರುತ್ತಿದ್ದರು. ಶಹಾಬಾದಿನಿಂದ ಒಬ್ಬ ಬ್ಯಾಂಕ್ ಕ್ಲರ್ಕ್, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡುವ ಒಬ್ಬ, ಮತ್ತೆ ಇಬ್ಬರು ಮೂವರು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಆಟ. ಹೈದರಾಬಾದಿನಿಂದ ಕ್ಲರ್ಕ್ ತಂದದ್ದು. ಭೂಮಿ ಬಿಟ್ಟು ಆಕಾಶಕ್ಕೆ ಹೊರಟ ಒಂದು ಹಡಗು. ಅದರೊಳಗೆ ಸಾವಿರಾರು ಜನ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಮಾಡುತ್ತಿದ್ದಾರೆ, ಹೊಸ ಲೋಕ ಬಂದಾಗ ಏಳಬೇಕು. ಆಡುವವರೇ ಕ್ಯಾಪ್ಟನ್. ಗುಂಡು ಹಾರಿಸುವುದು ಕಡಿಮೆ, ಮಾತು ಹೆಚ್ಚು. ಡಾಕ್ಟರಮ್ಮ, ಎಂಜಿನಿಯರ್, ಅಡುಗೆಯವನು, ಎಲ್ಲರೊಂದಿಗೂ ಮಾತಾಡಬೇಕು. ತೆರೆಯ ಮೇಲೆ ಬರುವ ಮೂರು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಆರಿಸಿದ ಹಾಗೆ ಕಥೆ ತಿರುಗುತ್ತದೆ ಎಂದು ಸಿ.ಡಿ.ಯ ಡಬ್ಬಿಯ ಮೇಲೆ ಬರೆದಿತ್ತು.

ಒಂದು ಭಾನುವಾರ ಸಾಹೇಬರು ಪಾಠವಿದೆ ಎಂದುಕೊಂಡು ವಾರ ತಪ್ಪಿ ಬಂದರು. ಫರ್ಸಿಯವನು ಆಡುತ್ತಿದ್ದ. ಡಾಕ್ಟರಮ್ಮ ತೆರೆಯ ಮೇಲೆ ಏನೋ ಹೇಳುತ್ತಿದ್ದಳು. ಅವನು ಟಕಟಕ ಗುಂಡಿ ಒತ್ತಿ ಮಾತನ್ನೆಲ್ಲ ಹಾರಿಸುತ್ತಿದ್ದ.

"ಆಕಿ ಏನಂದಳು?" ಎಂದರು ಸಾಹೇಬರು.

"ಯಾರಿಗೆ ಗೊತ್ತರಿ. ಮಾತು ಭಾಳ ಅವ ಇದರಾಗ. ಫೈಟಿಂಗ್ ಬರೋತನಾ ಬೋರ್."

"ಆಕಿ ಮಾತಾಡಾಕತ್ತಾಳ, ನೀ ಎದ್ದು ಹೊಂಟಿ. ನಿಮ್ಮ ಮನ್ಯಾಗೂ ಹಿಂಗೇ ಏನು?"

ಪಕ್ಕದಲ್ಲಿದ್ದ ಕ್ಲರ್ಕ್ ಸಮಾಧಾನದ ದನಿಯಲ್ಲಿ, "ಆಟ ಛಲೋ ಅದರಿ ಸಾಹೇಬ್ರ. ನಾ ಹತ್ತಕ್ಕ ಒಂಬತ್ತು ಕೊಟ್ಟೀನಿ," ಎಂದ.

"ಒಂದ್ಯಾಕ ಕಡದ್ರಿ?"

ಕ್ಲರ್ಕ್ ಯೋಚಿಸಿದ. "ಪೂರಾ ಕೊಟ್ರ ಬರೋಬರಿ ಅನಸಂಗಿಲ್ಲರಿ."

ತುಟಿ ಎಡಕ್ಕೆ ಹೋಯಿತು. ನನ್ನ ಕಡೆ ತಿರುಗಿ, "ತಂಗಿ, ನನಗ ಟೈಪಿಂಗ್ ಬ್ಯಾಡ. ಇದನ್ನ ಕಲಸು," ಎಂದರು.

ಕಲಿಸಿದೆ. ಮೌಸ್ ಹಿಡಿಯಲು ಹದಿನೈದು ದಿನ ಬೇಕಾಯಿತು. ಆಮೇಲೆ ಅವರು ಆಡಿದ ರೀತಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಪಕ್ಕದಲ್ಲಿ ಒಂದು ಇಂಗ್ಲಿಷ್ ನಿಘಂಟು, ಒಂದು ಉದ್ದನೆಯ ನೋಟ್‌ಬುಕ್. ಯಾವ ಪಾತ್ರ ಯಾವಾಗ ಏನು ಹೇಳಿತು, ತಾವು ಏನು ಉತ್ತರ ಕೊಟ್ಟರು, ಎಲ್ಲವನ್ನೂ ಗಾಡಿ ಬಂದು ಹೋದ ಹೊತ್ತು ಬರೆದಿಟ್ಟಂತೆ ಬರೆಯುತ್ತಿದ್ದರು. ಅಡುಗೆಯವನು ತನ್ನ ಊರಿನ ಬಗ್ಗೆ ಎರಡು ಸಲ ಎರಡು ಥರ ಹೇಳಿದ್ದನ್ನು ಹಿಡಿದರು. "ಇಂವ ಸುಳ್ಳ ಹೇಳಿಲ್ಲ, ಕಥಿ ಬರದಾಂವ ಮರತಾನ," ಎಂದರು. ಉಳಿದವರು ಹಿಂದೆ ನಿಂತು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ಹೊತ್ತಿಗೆ ನನಗೆ ಬರೆಯುವ ಹುಚ್ಚು ಹತ್ತಿತ್ತು. ಗುಲ್ಬರ್ಗಾದ ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ ಈ ಆಟದ ಬಗ್ಗೆ ಲೇಖನ ಕಳಿಸಿದೆ. ನಾನು ಆಡಿದ್ದು ಅರ್ಧ. ಉಳಿದರ್ಧವನ್ನು ಇಂಟರ್‌ನೆಟ್ಟಿನಲ್ಲಿ ಆಟಗಾರರು ಬರೆದುಕೊಂಡ ಅಭಿಪ್ರಾಯಗಳಿಂದ ಎತ್ತಿ, ಬಣ್ಣ ಕಟ್ಟಿದ್ದೆ. 'ಇಲ್ಲಿ ನಿಮ್ಮ ನಿರ್ಧಾರವೇ ಕಥೆ. ಕೊನೆಯ ದೃಶ್ಯದಲ್ಲಿ ಕಣ್ಣು ಒದ್ದೆಯಾಗದವರಿಲ್ಲ' ಎಂದೆಲ್ಲ. ಅಚ್ಚಾಯಿತು. ಸೆಂಟರಿನ ಮಾಲೀಕರು ಖುಷಿಯಾಗಿ ಅದನ್ನು ಕತ್ತರಿಸಿ ಬಾಗಿಲ ಗಾಜಿಗೆ ಅಂಟಿಸಿದರು.

ಸಾಹೇಬರು ಬಾಗಿಲಲ್ಲೇ ನಿಂತು ಓದಿದರು. ಒಳಗೆ ಎಲ್ಲರೂ ಇದ್ದರು.

"ಛಲೋ ಬರದೀ ತಂಗಿ. ಡಾಕ್ಟರ್‌ಬಾಯಿ ಕಡೀಕ ಏನಾದಳು?"

ಕೊನೆಯ ತನಕ ನಾನು ಆಡಿರಲಿಲ್ಲ. ಕಣ್ಣು ಒದ್ದೆಯಾಗುತ್ತದೆ ಎಂದು ಬರೆದಿದ್ದೆನಲ್ಲ, ಅದರ ಧೈರ್ಯದ ಮೇಲೆ, "ಸಾಯ್ತಾಳರಿ," ಎಂದೆ.

"ಸಾಯಂಗಿಲ್ಲ. ನಾ ಮೂರು ಸಲ ಪೂರಾ ಆಡೀನಿ. ಮೂರು ಸಲಾನೂ ಬದುಕ್ತಾಳ."

ಅವರು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕಥೆಯ ನಡುವೆ ಹಡಗಿನಲ್ಲಿ ಗಾಳಿ ಕಡಿಮೆಯಾಗುತ್ತದೆ. ನಿದ್ದೆಯಲ್ಲಿರುವ ಮುನ್ನೂರು ಜನರ ಸಮೇತ ಕೊನೆಯ ಭಾಗವನ್ನು ಕಳಚಿಬಿಡಬಹುದು. ಅವರನ್ನೆಲ್ಲ ಎಬ್ಬಿಸಿ ಮುಂದಕ್ಕೆ ಕರೆತರಬಹುದು. ಇಲ್ಲವೇ, ನಾನು ರಿಪೇರಿ ಮಾಡುತ್ತೇನೆ ಎನ್ನುವ ಎಂಜಿನಿಯರನನ್ನು ನಂಬಬಹುದು. ಆಟಗಾರರೆಲ್ಲ ಹೊಗಳುತ್ತಿದ್ದ ಜಾಗ ಅದು. ಸಾಹೇಬರು ಒಂದೊಂದು ಸಲಕ್ಕೆ ಒಂದೊಂದನ್ನು ಆರಿಸಿ ನೋಡಿದ್ದರು.

"ಕಳಚಿದ್ರ ಹೋಗ್ತಾರ. ಅದು ಖರೆ. ಎಬ್ಬಿಸಿದ್ರ ಎರಡು ಅಧ್ಯಾಯ ಬಿಟ್ಟು ಬ್ಯಾನಿ ಬಂದು ಅವರೇ ಸಾಯ್ತಾರ. ಎಂಜಿನಿಯರನ ನಂಬಿದ್ರ ಉಲ್ಕಾ ಬಡದು ಆ ಡಬ್ಬೀನೇ ಕಿತ್ತುಕೊಂಡು ಹೋಗ್ತದ. ಬರದಾಂವ ಮೊದಲೇ ಕೊಂದಾನ. ಆಮ್ಯಾಲ ನಮ್ಮನ್ನ ಕುಂದ್ರಿಸಿ, ಏನ್ ಮಾಡ್ತೀರಿ ಹೇಳ್ರಿ ಅಂತಾನ. ಇದಕ್ಕ ನೀವು ಹತ್ತಕ್ಕ ಒಂಬತ್ತು ಕೊಡ್ತೀರಿ. ಈಕಿ ಪೇಪರಿನಾಗ ಬರೀತಾಳ."

ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಸಂಜೆ ಅವರ ಮನೆಗೇ ಹೋದೆ. ಅವರು ಇರಲಿಲ್ಲ. "ಒಂದು ಆಟಕ್ಕ ಎಲ್ಲಾರ ಮುಂದ ನನ್ನ ಮರ್ಯಾದಿ ತಗದ್ರು," ಎಂದು ಕಾಕುವಿನ ಮುಂದೆ ಅತ್ತುಬಿಟ್ಟೆ.

ಕಾಕು ನನ್ನನ್ನು ಕೂರಿಸಿ ನೀರು ಕೊಟ್ಟರು. ಮೂರು ತಿಂಗಳಿಂದ ಆ ಮುನ್ನೂರು ಜನರ ಮಾತು ಕೇಳಿ ಕೇಳಿ ಅವರಿಗೂ ಸಾಕಾಗಿತ್ತಂತೆ. ಆಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಎಷ್ಟೋ ವರ್ಷದ ಹಿಂದೆ, ಚಿತ್ತಾಪುರ ದಾಟಿ ಸೇಡಂ ಕಡೆ ಹೋಗುವ ಏರಿನಲ್ಲಿ ಗಾಡಿಯ ಕೊಂಡಿ ಕಡಿದು ಅರ್ಧ ಗಾಡಿ ಹಿಂದಕ್ಕೆ ಉರುಳಿತು. ಆ ಅರ್ಧದ ಕೊನೆಯಲ್ಲಿ ಇವರೊಬ್ಬರೇ. ಕೈಬ್ರೇಕಿನ ಚಕ್ರ ತಿರುಗಿಸಿ, ತಿರುಗಿಸಿ, ಅಂಗೈ ಸುಲಿದುಹೋಗುವ ಹೊತ್ತಿಗೆ ನಿಂತಿತು. "ಮುಂದಿದ್ದವರಿಗೆ ಗೊತ್ತೂ ಆಗಿರಲಿಲ್ಲಂತ. ಇವರು ಚಕ್ರ ತಿರುವಿದ್ದಕ್ಕ ನಿಂತಿತು ತಂಗಿ. ಅದಕ್ಕ ಯಾರರೆ, ನೀ ಏನು ಮಾಡಿದ್ರೂ ಅಷ್ಟೇ ಅಂದ್ರ ಅವರಿಗೆ ತಡಿಯಂಗಿಲ್ಲ."

ನಾನು ಆ ಆಟವನ್ನು ಕೊನೆಯ ತನಕ ಆಡಿದೆ. ಎರಡು ಸಲ. ನಾನು ಆರಿಸಿ ನೋಡಿದ ಎರಡರಲ್ಲೂ ಸಾಹೇಬರು ಹೇಳಿದ್ದಕ್ಕೆ ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಆದರೆ ಡಾಕ್ಟರಮ್ಮನ ಮಾತುಗಳು ನಿಜಕ್ಕೂ ಚೆನ್ನಾಗಿದ್ದವು. ಎಲ್ಲರೂ ಹಾರಿಸಿ ಹೋಗುತ್ತಿದ್ದ ಆ ಮಾತುಗಳೇ ಆಟದಲ್ಲಿದ್ದ ಒಳ್ಳೆಯದು. ಇಷ್ಟನ್ನೂ ಬರೆದು, ನನ್ನ ಹಿಂದಿನ ಲೇಖನ ಅರ್ಧ ಆಡಿ ಬರೆದದ್ದು, ತಪ್ಪಾಯಿತು ಎಂದು ಸೇರಿಸಿದೆ. ಕಳಿಸುವ ಮುನ್ನ ಮಾಲೀಕರಿಗೆ ತೋರಿಸಿದೆ.

"ಇದು ಅಚ್ಚಾದ್ರ ಸೆಂಟರಿನ ಹೆಸರು ಹೋಗ್ತದ. ಇಲ್ಲಿ ಕಲಿಸೋರಿಗೇ ಗೊತ್ತಿಲ್ಲ ಅಂತಾರ ಮಂದಿ. ಕಳಸಬ್ಯಾಡ," ಎಂದರು.

ಸಾಹೇಬರನ್ನು ಕೇಳಿದೆ. ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. "ನೌಕರಿ ನಿಂದು, ಹೆಸರೂ ನಿಂದು. ನನ್ನ ಯಾಕ ಕೇಳ್ತಿ?" ಎಂದು ತುಟಿ ಎಳೆದರು.

ಕಳಿಸಿದೆ. ಅಚ್ಚಾದ ಮರುದಿನ ಮಾಲೀಕರು ನನ್ನನ್ನು ಬಿಡಿಸಿದರು. ಏಳು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಆ ಏಳು ತಿಂಗಳು ಸಾಹೇಬರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಅದೇ ಪತ್ರಿಕೆಯಲ್ಲಿ ಕರಡು ತಿದ್ದುವವರು ಬೇಕೆಂದು ತಿಳಿದು ಅರ್ಜಿ ಹಾಕಿದಾಗ, ಸಂಪಾದಕರು ನನ್ನ ಹೆಸರು ನೋಡಿ, "ತಪ್ಪಾಯ್ತು ಅಂತ ತಾವೇ ಬರೆದು ಕಳಿಸಿದವರು ನೀವಲ್ಲವೇ?" ಎಂದರು. ಬೇರೇನೂ ಕೇಳಲಿಲ್ಲ. ಇವತ್ತಿಗೂ ಅದೇ ಕೆಲಸ ಮಾಡುತ್ತಿದ್ದೇನೆ. ಪೂರ್ತಿ ಓದದೆ ಬರೆದವರ ಬರಹ ನಾಲ್ಕನೇ ಸಾಲಿಗೇ ಗೊತ್ತಾಗುತ್ತದೆ, ಮತ್ತು ಅವರ ಮೇಲೆ ನನಗೆ ಒಂದು ಚೂರೂ ಕನಿಕರ ಬರುವುದಿಲ್ಲ. ಇದು ಸಾಹೇಬರಿಂದ ಬಂದದ್ದು.

ಕೆಲವು ವರ್ಷದ ಮೇಲೆ ಆ ಆಟದ ಎರಡನೇ ಭಾಗ ಬಂತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಸಾಹೇಬರ ಕಣ್ಣನ್ನು ತಿಂದಿತ್ತು. ನಾನೇ ವಾರದ ರಜೆಗೆ ಗುಲ್ಬರ್ಗಾದಿಂದ ವಾಡಿಗೆ ಹೋಗಿ, ಅವರ ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಇಟ್ಟು, ಪಾತ್ರಗಳ ಮಾತನ್ನು ಕನ್ನಡ ಮಾಡಿ ಓದುತ್ತಿದ್ದೆ. ಉತ್ತರ ಅವರು ಆರಿಸುತ್ತಿದ್ದರು.

"ಎಲ್ಲಾರಿಗೂ ಒಂದೇ ದನಿ ಮಾಡ್ತೀ. ಎಂಜಿನಿಯರ್ ಯಾರು, ಡಾಕ್ಟರ್ ಯಾರು, ಹ್ಯಾಂಗ ತಿಳೀಬೇಕು?" ಎಂದು ಬೈಯುತ್ತಿದ್ದರು. ಕಾಕು ಪಕ್ಕದಲ್ಲಿ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿರುತ್ತಿದ್ದರು.

ಹನ್ನೊಂದನೇ ಅಧ್ಯಾಯಕ್ಕೆ ಬಂದಿದ್ದೆವು. ಒಂದು ಬುಧವಾರ ಬೆಳಿಗ್ಗೆ ಸಾಹೇಬರು ಹೋದರೆಂದು ಫೋನ್ ಬಂತು.

ದಿನಕರ್ಮ ಮುಗಿದು ತಿಂಗಳಾದ ಮೇಲೆ ಕಾಕುವನ್ನು ನೋಡಲು ಹೋದೆ. ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಚಹಾ ತಂದಿಟ್ಟ ಕಾಕು, "ತಂಗಿ, ಆ ಡಾಕ್ಟರ್‌ಬಾಯಿದು ಮುಂದ ಏನಾತು?" ಎಂದರು. ಅವರು ಕೇಳಿಸಿಕೊಳ್ಳುತ್ತಿದ್ದರು ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ.

ಮುಂದಿನ ಆರು ವಾರ ಕಾಕುವಿಗೆ ಓದಿದೆ. ಉತ್ತರ ಅವರು ಆರಿಸಿದರು, ಸಾಹೇಬರು ಆರಿಸುತ್ತಿದ್ದುದಕ್ಕೆ ಸಾಮಾನ್ಯವಾಗಿ ಉಲ್ಟಾ. ಕೊನೆಗೆ ಹಡಗು ಹೊಸ ಲೋಕಕ್ಕೆ ಇಳಿಯಿತು, ದೊಡ್ಡ ಸಂಗೀತ ಮೊಳಗಿತು, ಮಾಡಿದವರ ಹೆಸರುಗಳು ಮೇಲೇರತೊಡಗಿದವು.

"ಮುಗೀತಾ?" ಎಂದರು ಕಾಕು.

"ಮುಗೀತರಿ. ಹ್ಯಾಂಗ ಅನಸ್ತು?"

ಆ ಮನೆಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದಂತಿರಲಿಲ್ಲ. ಸೆರಗು ಸರಿ ಮಾಡಿಕೊಂಡು, ಯೋಚಿಸಿ, ನಿಧಾನಕ್ಕೆ ಹೇಳಿದರು: "ಡಾಕ್ಟರ್‌ಬಾಯಿ ಖರೆ ಇದ್ದಳು. ಉಳಿದವರು ಸುಮ್ಮ ಗದ್ದಲ ಹಾಕಿದ್ರು. ಇದನ್ನ ಹಿಂಗೇ ಬರಿ. ನಾ ಪೂರಾ ಕೇಳೀನಿ."