ಚನ್ನಪ್ಪನವರ ‘ಹೋಗ್ತೀನಿ’

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಬರ್ತೀನಿ’ ಎಂದೇ ಹೇಳಬೇಕು. ‘ಹೋಗ್ತೀನಿ’ ಎಂದರೆ ಅಪಶಕುನ, ಹಾಗೆಂದವರು ತಿರುಗಿ ಬರುವುದಿಲ್ಲ ಎಂಬ ಭಯ. ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚನ್ನಪ್ಪನವರು ಮಾತ್ರ ಹೊರಡುವಾಗ ಹೊಸ್ತಿಲ ಮೇಲೆಯೇ ನಿಂತು, ಕರಿ ಟೋಪಿಯನ್ನು ಎರಡೂ ಕೈಯಲ್ಲಿ ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ "ಹೋಗ್ತೀನಿ" ಎನ್ನುತ್ತಿದ್ದರು. ಹೊಸ್ತಿಲ ಮೇಲೆ ನಿಲ್ಲಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ, ಹೇಳಿಕೊಟ್ಟದ್ದಕ್ಕೇ ನಿಲ್ಲುತ್ತಿದ್ದರೋ ನನಗೆ ಗೊತ್ತಿಲ್ಲ.

ನಾನು ಮದುವೆಯಾಗಿ ಆ ಬೀದಿಗೆ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಬಡಾವಣೆ ಇನ್ನೂ ಹೊಸದು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಚನ್ನಪ್ಪನವರು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಇದ್ದದ್ದು ಫೋಟೋ ತೆಗೆಯುವ ಹುಚ್ಚೊಂದೇ. ದಂಡಿನಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಕ್ಯಾಮೆರಾವನ್ನು ಇವರು ಸಾಲ ಮಾಡಿ ಕೊಂಡು ತಂದಿದ್ದರು. ಕರಿಯ ಚೌಕ ಡಬ್ಬಿ. ಅದರ ಜೊತೆಗೆ ಚರ್ಮದ ಚೀಲ, ಮೂರು ಕಾಲಿನ ಸ್ಟ್ಯಾಂಡು. ಸಾಲ ಎರಡು ತಿಂಗಳ ಸಂಬಳದಷ್ಟಾಯಿತು.

ಅವರ ಹೆಂಡತಿ ಗಂಗಕ್ಕ ಆ ದಿನವೇ ಕರಾರು ಹಾಕಿದ್ದಳಂತೆ. "ನಿಮಗೆ ನಲವತ್ತಾಗೋದ್ರೊಳಗೆ ಈ ಸಾಲ ತೀರ್ಬೇಕು. ಇಲ್ದಿದ್ರೆ ಈ ಡಬ್ಬಾನ ಗುಜರಿಯೋನಿಗೆ ಹಾಕ್ತೀನಿ. ನಲವತ್ತಾದ್ಮೇಲೂ ಇರೋ ಸಾಲ ಮನೇಲೇ ಉಳ್ಕೊಳ್ಳುತ್ತೆ ಕಣ್ರೀ, ಅಳಿಯನ ಥರ." ಗಂಗಕ್ಕ ಆಡಿದ ಮಾತು ತಪ್ಪುವವಳಲ್ಲ ಎಂದು ಬೀದಿಗೇ ಗೊತ್ತಿತ್ತು.

ಸಾಲ ಕೊಟ್ಟವರು ಮಾಗಡಿ ರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ರುದ್ರಪ್ಪನವರು. ಅಂಥ ಸಭ್ಯ ಮನುಷ್ಯನನ್ನು ನಾನು ನೋಡಿಲ್ಲ. ತಿಂಗಳ ಮೊದಲ ಭಾನುವಾರ ಬಂದು, ಚಪ್ಪಲಿಯನ್ನು ಜೋಡಿಸಿಟ್ಟು, ಕಾಫಿ ಕುಡಿದು, ಮಕ್ಕಳ ಓದು ವಿಚಾರಿಸಿ ಎದ್ದುಬಿಡುತ್ತಿದ್ದರು. ದುಡ್ಡಿನ ಮಾತೇ ಎತ್ತುತ್ತಿರಲಿಲ್ಲ. ಹೊರಡುವಾಗ ಮಾತ್ರ ಕೈಮುಗಿದು ಮೆತ್ತಗೆ "ಬರ್ತೀನಿ" ಎನ್ನುತ್ತಿದ್ದರು. ಆ ಒಂದು ಮಾತಿಗೆ ಚನ್ನಪ್ಪನವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

"ಊರಲ್ಲಿ ಎಲ್ರೂ ಬರ್ತೀನಿ ಅಂತಾರೆ ಶಾರದಮ್ಮ, ಯಾರೂ ಬರಲ್ಲ. ಈ ಪುಣ್ಯಾತ್ಮರೊಬ್ರು ನಿಜವಾಗ್ಲೂ ಬರ್ತಾರೆ" ಎಂದು ನನ್ನ ಹತ್ತಿರ ಗೋಳಾಡುತ್ತಿದ್ದರು. "ಸಾಲ ತೀರೋವರ್ಗೂ ಆ ಮಾತು ನನ್ನ ಬಾಯಿಂದ ಬರಲ್ಲ. ಇನ್ನೊಬ್ರ ಎದೆ ನಾನ್ಯಾಕೆ ಒಡೀಲಿ?" ಅವರ ‘ಹೋಗ್ತೀನಿ’ ಹುಟ್ಟಿದ್ದು ಹೀಗೆ.

ನಾನೂ ನಮ್ಮ ಯಜಮಾನರೂ ಜೋಡಿಯಾಗಿ ನಿಂತು ತೆಗೆಸಿಕೊಂಡ ಮೊದಲ ಫೋಟೋ ಅವರದೇ. ಧಾರೆ ಸೀರೆ ಉಟ್ಟು, ಬಿಸಿಲಿಗೆ ಕಣ್ಣು ಕಿರಿದಾಗಿ, ಸಂಕೋಚದಿಂದ ಅರ್ಧ ಗಂಟೆ ನಿಂತಿದ್ದೆ. "ಕತ್ತು ಎತ್ತಮ್ಮ, ನಗಮ್ಮ, ಅಷ್ಟೊಂದು ಬೇಡ" ಎಂದು ಜೀವ ತಿಂದು ಕ್ಲಿಕ್ ಮಾಡಿದರು. "ಯಾವಾಗ ಬರುತ್ತೆ?" ಎಂದೆ. "ಬರುತ್ತೆ" ಎಂದರು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು. ನಲ್ಲಿ ಹತ್ತಿರ ಸಿಕ್ಕಿದ ಗಂಗಕ್ಕನನ್ನು ಕೇಳಿದರೆ ಅವಳು ಬಿಂದಿಗೆ ಕೆಳಗಿಟ್ಟು ನಕ್ಕಳು. "ಒಳಗೆ ರೀಲು ಇತ್ತಾ ಅಂತ ಕೇಳ್ದ್ಯಾ?"

ರೀಲು ಇರಲಿಲ್ಲ. ಆ ಡಬ್ಬಿಯೊಳಗೆ ಎಂದೂ ರೀಲು ಇದ್ದದ್ದೇ ಇಲ್ಲ. ಇಡೀ ಬೀದಿ ಹಬ್ಬಹಬ್ಬಕ್ಕೂ ಸಿಂಗಾರ ಮಾಡಿಕೊಂಡು ಖಾಲಿ ಡಬ್ಬಿಯೆದುರು ನಿಂತಿತ್ತು. ನಾನು ಸಿಟ್ಟಿನಿಂದ ಹೋಗಿ ಜಗಳ ತೆಗೆದರೆ ಚನ್ನಪ್ಪನವರು ಸ್ವಲ್ಪವೂ ನಾಚಿಕೊಳ್ಳಲಿಲ್ಲ.

"ರೀಲು ತಗೊಂಡ್ರೆ ಕಂತು ತಪ್ಪುತ್ತೆ. ಕಂತು ತಪ್ಪಿದ್ರೆ ಕ್ಯಾಮೆರಾನೇ ಹೋಗುತ್ತೆ. ಸಾಲ ತೀರೋದ್ರೊಳಗೆ ನಾನು ಹೊಡ್ದು ಅಭ್ಯಾಸ ಮಾಡ್ಕೋತೀನಿ, ನೀವು ನಿಂತು ಅಭ್ಯಾಸ ಮಾಡ್ಕೊಳ್ಳಿ. ಹೋದ್ಸಲ ನೀವು ತುಂಬಾ ಬಿಗಿಯಾಗಿದ್ರಿ."

ಬೀದಿಯವರಿಗೆ ಗುಟ್ಟು ತಿಳಿದ ಮೇಲೂ ಯಾರೂ ನಿಲ್ಲುವುದನ್ನು ಬಿಡಲಿಲ್ಲ. ನಾನೂ ಬಿಡಲಿಲ್ಲ.

ನಮ್ಮ ಮಗಳ ನಾಮಕರಣದ ದಿನ ಅವರು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹೊಸ್ತಿಲ ಮೇಲೆ ನಿಂತು "ಹೋಗ್ತೀನಿ" ಎಂದರು. ಊರಿನಿಂದ ಬಂದಿದ್ದ ನಮ್ಮತ್ತೆಗೆ ಈ ಚರಿತ್ರೆ ಗೊತ್ತಿರಲಿಲ್ಲ. "ಅಯ್ಯೋ, ಬಿಡ್ತು ಅನ್ನಿ! ತೊಟ್ಟಿಲು ತೂಗೋ ಮನೇಲಿ ಏನು ಮಾತು ಇದು?" ಎಂದು ಕೂಗಿ, ಅವರನ್ನು ಒಳಕ್ಕೆ ಕರೆದು, ಮಣೆ ಹಾಕಿ ಕೂರಿಸಿ, ದೋಷ ಪರಿಹಾರಕ್ಕೆಂದು ಇನ್ನೊಂದು ಲೋಟ ಪಾಯಸ ಕೊಟ್ಟರು. ಚನ್ನಪ್ಪನವರು ಭಕ್ತಿಯಿಂದ "ಬಿಡ್ತು" ಎಂದು ಪಾಯಸ ಕುಡಿದರು. ಅಂದಿನಿಂದ ಆ ಮಾತು ಇನ್ನೂ ಜೋರಾಯಿತು. ಎಲ್ಲಿ ‘ಹೋಗ್ತೀನಿ’ ಎಂದರೂ ಒಳಗಿನಿಂದ ಒಬ್ಬರು ಹೆಂಗಸರು ‘ಬಿಡ್ತು ಅನ್ನಿ’ ಎಂದು ಓಡಿಬರುತ್ತಿದ್ದರು, ಹಿಂದೆಯೇ ಎರಡನೇ ಕಾಫಿ ಬರುತ್ತಿತ್ತು. ನಮ್ಮ ಮನೆಯಲ್ಲಂತೂ ಅವರು ಬಂದರೆ ನಾನು ಮೊದಲೇ ಎರಡು ಲೋಟಕ್ಕೆ ಹಾಲಿಡುತ್ತಿದ್ದೆ.

ಗಣೇಶನ ಹಬ್ಬ ಅವರ ಹುಟ್ಟಿದ ದಿನ. ಒಂದು ವರ್ಷ ಹಬ್ಬದ ಬೆಳಿಗ್ಗೆ ಗಂಗಕ್ಕ ಕ್ಯಾಮೆರಾವನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲಲ್ಲಿಟ್ಟಿದ್ದಳು. "ನಲವತ್ತಕ್ಕೆ ಬಿತ್ತು. ಇನ್ನೂ ಅರವತ್ತು ರೂಪಾಯಿ ಬಾಕಿ." ಚನ್ನಪ್ಪನವರು ಒದ್ದೆ ಪಂಚೆಯಲ್ಲೇ ಓಡಿಬಂದು ನನ್ನನ್ನು ಪಂಚಾಯ್ತಿಗೆ ಕರೆದರು. "ನೀವೇ ಹೇಳಿ ಶಾರದಮ್ಮ, ನಲವತ್ತಕ್ಕೆ ಬಿದ್ದಿದೆ, ತುಂಬಿದೆಯಾ? ಕರಾರು ಇದ್ದದ್ದು ಆಗೋದು. ಆಗೋದು ಅಂದ್ರೆ ತುಂಬೋದು. ಬಸ್ಸಿಗೆ ಕಾಲಿಟ್ಟ ಕೂಡ್ಲೇ ಬಸ್ಸು ತುಂಬ್ತು ಅಂತೀವಾ?" ನಾನು ಅವರ ಪರವಾಗಿ ತೀರ್ಪು ಕೊಟ್ಟೆ. ಫೋಟೋ ಆಸೆ ನನಗೂ ಇತ್ತು. ಗಂಗಕ್ಕ ನನ್ನೊಡನೆ ವಾರಗಟ್ಟಲೆ ಮಾತು ಬಿಟ್ಟಳು.

ಆ ಒಂದು ವರ್ಷ ಅವರು ಕಂತು ಹೆಚ್ಚಿಸಿ, ಕಾರ್ಖಾನೆಯಲ್ಲಿ ಸಿಕ್ಕ ಓವರ್‌ಟೈಮನ್ನೆಲ್ಲ ಮಾಡಿ, ಬಸ್ಸು ಬಿಟ್ಟು ನಡೆದರು. ಮುಂದಿನ ಗಣೇಶನ ಹಬ್ಬಕ್ಕೆ ನಲವತ್ತು ತುಂಬಿತು. ಅಂದು ಬೆಳಿಗ್ಗೆಯೇ ರುದ್ರಪ್ಪನವರನ್ನು ಕರೆಸಿ, ನಮ್ಮೆಲ್ಲರ ಎದುರಿಗೆ ಕೊನೆಯ ಕಂತು ಕೊಟ್ಟು, ಸಾಲದ ಪತ್ರ ಹರಿದರು. ಗಂಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರುದ್ರಪ್ಪನವರು ಎದ್ದು, ಚಪ್ಪಲಿ ಮೆಟ್ಟಿ, ಕೈಮುಗಿದು, "ಬರ್ತೀನಿ" ಎಂದರು.

"ಯಾಕೆ?" ಚನ್ನಪ್ಪನವರು ಹೌಹಾರಿದರು. "ಇನ್ಯಾಕೆ ಬರ್ತೀರಿ?"

"ಮತ್ತೇನನ್ಲಿ ಸ್ವಾಮಿ?"

"ಹೋಗ್ತೀನಿ ಅನ್ನಿ. ಒಂದೇ ಒಂದ್ಸಲ. ನನ್ನ ಕಿವಿ ತಂಪಾಗ್ಲಿ."

"ಹಬ್ಬದ ದಿನ, ಸಂಸಾರಸ್ಥರ ಮನೆ ಬಾಗಿಲಲ್ಲಿ? ಬಿಡ್ತು, ಬಿಡ್ತು. ನನ್ನ ಬಾಯಲ್ಲಿ ಬರಲ್ಲ."

ಅವರು ಹೇಳಲಿಲ್ಲ, ಇವರು ಬಿಡಲಿಲ್ಲ. ಕೊನೆಗೆ ಗಂಗಕ್ಕ ಇಷ್ಟು ದೊಡ್ಡ ಕಡುಬೊಂದನ್ನು ತಂದು ರುದ್ರಪ್ಪನವರ ಕೈಗಿಟ್ಟಳು. ಅದನ್ನು ಬಾಯಿಗಿಟ್ಟುಕೊಂಡ ಅವರಿಗೆ ಯಾವ ಮಾತೂ ಆಡಲಾಗಲಿಲ್ಲ. ತಲೆಯಾಡಿಸುತ್ತ ಮೆಟ್ಟಿಲಿಳಿದು ಹೊರಟುಹೋದರು.

ಮುಂದಿನ ಸಂಬಳಕ್ಕೆ ರೀಲು ಬಂತು. ಎಂಟು ಫೋಟೋ ಹೊಡೆದರು. ತೊಳೆಸಿಕೊಂಡು ತಂದು ನೋಡಿದರೆ ಎಂಟರಲ್ಲೂ ಯಾರಿಗೂ ತಲೆ ಇಲ್ಲ! ಅಷ್ಟು ವರ್ಷ ಖಾಲಿ ಡಬ್ಬಿಯಲ್ಲಿ ಶ್ರದ್ಧೆಯಿಂದ ತಲೆ ಕತ್ತರಿಸುವುದನ್ನೇ ಅಭ್ಯಾಸ ಮಾಡಿದ್ದರು. ಸೀರೆಯ ಅಂಚು ನೋಡಿ ಇವಳು ನಾನು, ಇವಳು ಗಂಗಕ್ಕ ಎಂದು ಹಂಚಿಕೊಂಡೆವು. "ನಿಲುವು ನೋಡಿ, ಎಷ್ಟು ಸಹಜವಾಗಿದೆ" ಎಂದು ಚನ್ನಪ್ಪನವರು ಹಿಗ್ಗಿದರು.

ಸಾಲ ತೀರಿದ ಮೇಲೂ ಅವರು ‘ಹೋಗ್ತೀನಿ’ ಬಿಡಲಿಲ್ಲ. ಎರಡನೇ ಕಾಫಿಯ ರುಚಿ ಹತ್ತಿತ್ತು.

ಎರಡು ವರ್ಷದ ಮೇಲೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು, ಆಪರೇಷನ್ ಆಗಬೇಕೆಂದರು. ದೊಡ್ಡಾಸ್ಪತ್ರೆಗೆ ಹೋಗುವ ಬೆಳಿಗ್ಗೆ ಜಟಕಾ ಬೀದಿಯಲ್ಲಿ ನಿಂತಿತ್ತು. ಗಂಗಕ್ಕ ಆಗಲೇ ಹತ್ತಿ ಕುಳಿತಿದ್ದಳು. ಅವರು ನಮ್ಮ ಮನೆಗೆ ಬಂದು ಕಾಫಿ ಕುಡಿದು, ಹೊಸ್ತಿಲ ಮೇಲೆ ನಿಂತು, ಟೋಪಿ ಸರಿಮಾಡಿಕೊಂಡರು. ‘ಬಿಡ್ತು ಅನ್ನಿ’ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ನನ್ನ ಮುಖ ನೋಡಿದರು, ತೂಕಡಿಸುತ್ತಿದ್ದ ನನ್ನ ಮಗಳ ತಲೆ ನೇವರಿಸಿದರು.

"ಬರ್ತೀನಿ ಶಾರದಮ್ಮ" ಎಂದರು.

ಆ ಮಾತಿಗೆ ಯಾರೂ ಯಾರನ್ನೂ ಒಳಕ್ಕೆ ಕರೆಯುವುದಿಲ್ಲ. "ಹೂಂ, ಬನ್ನಿ" ಎಂದುಬಿಟ್ಟೆ. ಜಟಕಾ ತಿರುವು ದಾಟಿತು. ಆಸ್ಪತ್ರೆಯಿಂದ ಅವರು ತಿರುಗಿ ಬರಲಿಲ್ಲ.

ಆ ಬೆಳಿಗ್ಗೆ ನಾನು ಒಳಗೆ ಬಂದಾಗ ಒಲೆಯ ಮೇಲೆ ಅವರ ಎರಡನೇ ಕಾಫಿಯ ಹಾಲು ಉಕ್ಕುತ್ತಿತ್ತು. ಎಂದಿನಂತೆ ‘ಹೋಗ್ತೀನಿ’ ಎಂದಿದ್ದರೆ ಕರೆದು ಕೂರಿಸಿಕೊಳ್ಳುತ್ತಿದ್ದೆ.