ಸೀಟು ಹಿಡಿದ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ಕ್ರೀಡಾಂಗಣದ ದೀಪಗಳಲ್ಲಿ ಅರ್ಧ ಮಾತ್ರ ಉರಿಯುತ್ತಿವೆ. ಬಾಣಲೆಯ ಅಂಚಿನಂತೆ ಮೇಲಕ್ಕೆ ವಾಲಿದ ಮರದ ಹಾದಿಯಲ್ಲಿ, ಆರಂಭದ ಗೆರೆಯ ಬಳಿ, ಅರವತ್ತರ ಹತ್ತಿರದ ಮನುಷ್ಯರೊಬ್ಬರು ಕಾಲು ಅಗಲಿಸಿ ನಿಂತಿದ್ದಾರೆ. ಒಂದು ಕೈ ಸೈಕಲ್ಲಿನ ಸೀಟಿನ ಕೆಳಗೆ, ಇನ್ನೊಂದು ಹ್ಯಾಂಡಲ್ಲಿನ ಹತ್ತಿರ. ಮೇಲೆ ಕುಳಿತ ಹುಡುಗಿಯ ಪಾದಗಳೆರಡೂ ಪೆಡಲ್ಲಿಗೆ ಬಿಗಿದಿವೆ. ಈ ಸೈಕಲ್ಲಿಗೆ ಬ್ರೇಕ್ ಇಲ್ಲ, ಸ್ಟ್ಯಾಂಡ್ ಇಲ್ಲ. ಹಿಡಿದ ಕೈ ವಾಲಿದರೆ ಅವಳೂ ಉರುಳುತ್ತಾಳೆ.

"ಹೋಗ್ತೀಯೇನಮ್ಮ?"

"ಇನ್ನೊಂದ್ ನಿಮಿಷ, ಮಾಮ."

"ಆಗ್ಲಿ. ನನಗೇನು ಬಸ್ಸು ತಪ್ಪಿಹೋಗುತ್ತಾ?"

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಕಂಬಣ್ಣ ಎಂದು. ನಿಂತರೆ ಕಂಬ, ಅಷ್ಟೇ. ದೇಶದೇಶಗಳ ಆಟಗಾರರು ಸೇರುವ ದೊಡ್ಡ ಕ್ರೀಡಾಕೂಟ ಈ ಊರಿಗೆ ಬಂದು ವಾರವಾಗಿದೆ. ಓಟ ಶುರುವಾಗುವವರೆಗೆ ಸವಾರರನ್ನು ಬೀಳದಂತೆ ಹಿಡಿದು ನಿಲ್ಲುವುದು ಇವರ ಕೆಲಸ. ಜೊತೆಗೆ ಬಂದವರಿದ್ದರೆ ಅವರೇ ಹಿಡಿಯುತ್ತಾರೆ. ಯಾರೂ ಇಲ್ಲದವರಿಗೆ ಕಂಬಣ್ಣ. ಅಭ್ಯಾಸವೂ ಸೇರಿ ದಿನಕ್ಕೆ ನಲವತ್ತು, ಐವತ್ತು ಸಲ. ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಆರಂಭದ ಪಿಸ್ತೂಲು ಸಿಡಿದ ಮೇಲೆ ಕ್ಯಾಮೆರಾಗಳೆಲ್ಲ ಸೈಕಲ್ಲಿನ ಹಿಂದೆ ಓಡುತ್ತವೆ. "ಟೀವೀಲಿ ನನ್ನ ಮೊಣಕೈ ಬರುತ್ತೆ. ಮೊಮ್ಮಗಳು ಅದನ್ನೇ ನೋಡಿ, ತಾತಾ ಅಂತ ಕುಣೀತಾಳಂತೆ" ಎಂದು ನಗುತ್ತಾರೆ.

ಮೊದಲು ಗಾಜಿನ ಅಂಗಡಿಯಲ್ಲಿದ್ದರು. ಆಳೆತ್ತರದ ಕಿಟಕಿ ಗಾಜುಗಳನ್ನು ಹೊತ್ತು ಮೂರು ನಾಲ್ಕು ಮಹಡಿ ಹತ್ತುವ ಕೆಲಸ. ಅಂಗೈಯಲ್ಲಿ ಈಗಲೂ ಬಿಳಿ ಗೆರೆಗಳಿವೆ. ಅಂಗಡಿ ಮುಚ್ಚಿದಾಗ ಇಲ್ಲಿ ನೆಲ ಒರೆಸಲು ಸೇರಿದರು. ಒಂದು ದಿನ ಹಿಡಿಯುವವರು ಬಂದಿರಲಿಲ್ಲ; ಬಕೆಟ್ ಪಕ್ಕಕ್ಕಿಟ್ಟು ಹೋಗಿ ಹಿಡಿದರು. ಅಂದಿನಿಂದ ಹಿಡಿದೇ ಇದ್ದಾರೆ. ಬಗ್ಗಿ ಬಗ್ಗಿ ಸೊಂಟ ಸೋತಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಡತಿ ರಾತ್ರಿ ಬಿಸಿ ಬಟ್ಟೆಯ ಶಾಖ ಕೊಡುತ್ತಾ ಗೊಣಗುತ್ತಾರೆ: "ನನ್ನ ಕೈ ಹಿಡಿದಿದ್ದು ಒಂದೇ ಸಲ. ಆ ಸೀಟು ಮಾತ್ರ ದಿನಾ ಹಿಡೀತಾರೆ." ಇಷ್ಟು ವರ್ಷದಲ್ಲಿ ಆಕೆ ಒಮ್ಮೆಯೂ ಗಂಡನ ಕೆಲಸ ನೋಡಿಲ್ಲ. ಇವತ್ತು ಸಂಜೆಗೆ ಪಾಸು ಸಿಕ್ಕಿದೆ.

ಈ ಹುಡುಗಿ ಯಾರೂ ಇಲ್ಲದವಳಲ್ಲ. ಅಪ್ಪನೇ ಅವಳ ತರಬೇತುದಾರ. ನಿನ್ನೆ ಆರಂಭದಲ್ಲಿ ಹಿಡಿದಿದ್ದವರೂ ಅವರೇ. ಮಗಳು ಬಿದ್ದಾಳೆಂಬ ಹೆದರಿಕೆಗೆ ಒಂದು ಉಸಿರು ಹೆಚ್ಚು ಹಿಡಿದರು. ಹಾಗಾಗಿಯೇ ಅವಳು ಬಿದ್ದಳು. ಓಟವನ್ನು ಮತ್ತೆ ನಡೆಸಿದಾಗ ಅಂಜುತ್ತಾ ಹೊರಟು ಕೊನೆಯವಳಾದಳು. ಸೋತವರಿಗೆ ಇಂದು ಸಂಜೆ ಇನ್ನೊಂದು ಅವಕಾಶವಿದೆ. ಮೊದಲ ಇಬ್ಬರಲ್ಲಿ ಬಂದರೆ ಮುಂದಿನ ಸುತ್ತು, ಇಲ್ಲದಿದ್ದರೆ ಮನೆ. "ಇವತ್ತು ನೀವು ಹಿಡೀಬೇಡಿ ಅಪ್ಪ" ಎಂದುಬಿಟ್ಟಿದ್ದಾಳೆ. ಅವರು ಕಟಕಟೆಯ ಆಚೆ ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದಾರೆ. ಅದನ್ನಾದರೂ ಗಟ್ಟಿಯಾಗಿ ಹಿಡಿದಿದ್ದಾರೆ.

ಹುಡುಗಿ ಕಂಬಣ್ಣನ ಕೈಯಿಂದ ಆರೇಳು ಸಲ ನೆಟ್ಟಗೆ ಹೊರಡುತ್ತಾಳೆ. ಆಮೇಲೆ ಕಂಬಣ್ಣ ಸೊಂಟಕ್ಕೆ ಕೈಯಿಟ್ಟು, "ಸಾರ್, ಸ್ವಲ್ಪ ಬನ್ನಿ. ಬೆನ್ನು ಹಿಡ್ಕೊಂಡಿದೆ" ಎಂದು ಅಪ್ಪನನ್ನು ಕರೆಯುತ್ತಾರೆ. ಹುಡುಗಿ ತುಟಿ ಕಚ್ಚುತ್ತಾಳೆ, ಬೇಡವೆನ್ನುವುದಿಲ್ಲ. ಅಪ್ಪ ಸೀಟನ್ನು ಬಿಗಿಯಾಗಿ ಅದುಮಿ ಹಿಡಿಯುತ್ತಾರೆ. ಕಂಬಣ್ಣ ಆ ಕೈಯ ಮೇಲೆ ತಮ್ಮ ಕೈಯಿಡುತ್ತಾರೆ.

"ಗಾಜು ಅಂದ್ಕೊಳ್ಳಿ ಸಾರ್. ಅದುಮಿದ್ರೆ ಒಡೆಯುತ್ತೆ, ಸಡಿಲ ಬಿಟ್ರೆ ಜಾರುತ್ತೆ. ನಾವೇನೂ ಅವಳನ್ನ ಕಳಿಸೋದು ಬೇಡ. ಅವಳೇ ಹೋಗ್ತಾಳೆ."

ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ತಮ್ಮ ಕೈ ತೆಗೆಯುತ್ತಾರೆ. ಹುಡುಗಿ ಹಿಂದೆ ತಿರುಗುವಂತಿಲ್ಲ.

"ಮಾಮ, ಹಿಡ್ಕೊಂಡಿದೀರಾ?"

"ನಾನಿದೀನಿ ಮಗಳೇ" ಎನ್ನುತ್ತಾರೆ ಅಪ್ಪ.

ಹುಡುಗಿ ಹ್ಯಾಂಡಲ್ಲನ್ನು ಇನ್ನೊಮ್ಮೆ ಸರಿಯಾಗಿ ಹಿಡಿಯುತ್ತಾಳೆ.

"ಹಾಗಾದ್ರೆ ಉಸಿರಾಡಿ ಅಪ್ಪ. ನೀವು ಉಸಿರು ಕಟ್ಟಿರೋದು ಸೀಟಿಗೇ ಗೊತ್ತಾಗ್ತಿದೆ."

ಅಪ್ಪ ನಕ್ಕುಬಿಡುತ್ತಾರೆ. ಆ ನಗುವಿನ ನಡುವೆಯೇ ಅವಳು ಹೊರಟುಹೋಗಿರುತ್ತಾಳೆ.

ಸಂಜೆ ಕ್ರೀಡಾಂಗಣ ತುಂಬಿ ತುಳುಕುತ್ತಿದೆ. ಇಸ್ತ್ರಿಯ ಗೆರೆ ಮುರಿಯದ ಸೀರೆಯುಟ್ಟ ಕಂಬಣ್ಣನ ಹೆಂಡತಿ ಮೂರನೆಯ ಸಾಲಿನಲ್ಲಿದ್ದಾರೆ. ಈ ಓಟದಲ್ಲಿ ಕಂಬಣ್ಣ ಹಿಡಿಯಬೇಕಾಗಿದ್ದುದು ಆ ಹುಡುಗಿಯೊಬ್ಬಳನ್ನೇ. ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿ, ಅಪ್ಪನಿಗೆ ಜಾಗ ಬಿಟ್ಟು, ಬೇಲಿಯ ಪಕ್ಕ ಸರಿಯುತ್ತಾರೆ. ಪಿಸ್ತೂಲು ಸಿಡಿಯುತ್ತದೆ. ಹುಡುಗಿ ಅಪ್ಪನ ಕೈಯಿಂದ ಬಾಣದಂತೆ ಹೊರಡುತ್ತಾಳೆ. ಕೊನೆಯ ತಿರುವಿನಲ್ಲಿ ನಾಲ್ಕನೆಯವಳಾಗಿದ್ದವಳು ಗೆರೆ ದಾಟುವಾಗ ಅರ್ಧ ಗಾಲಿಯಷ್ಟು ಮುಂದಾಗಿ ಎರಡನೆಯವಳು. ಅಪ್ಪ ಮಾತ್ರ ಆರಂಭದ ಗೆರೆಯಿಂದ ಕದಲಿಲ್ಲ. ಗಾಜು ಹಿಡಿದವರಂತೆ ಎರಡೂ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇವೆ.

ಹೊರಗೆ ಬಸ್ ನಿಲ್ದಾಣದಲ್ಲಿ ಹೆಂಡತಿಯ ಮುಖ ಊದಿದೆ. "ಇಷ್ಟು ವರ್ಷಕ್ಕೆ ಒಂದು ದಿನ ನೋಡೋಣ ಅಂತ ಬಂದ್ರೆ, ಇವತ್ತೇ ಸುಮ್ಮನೆ ನಿಂತ್ಬಿಟ್ರಲ್ಲ! ಬೆನ್ನು ನೋವಾ?"

"ನೋವೇನಿಲ್ಲ ಕಣೆ."

"ಮತ್ತೆ?"

ಕಂಬಣ್ಣ ಅಂಗೈಗಳನ್ನು ಬಿಡಿಸಿ ದೀಪದ ಬೆಳಕಿಗೆ ಹಿಡಿಯುತ್ತಾರೆ. ಬಿಳಿ ಗೆರೆಗಳ ಸುತ್ತ ಚರ್ಮ ಕೆಂಪಾಗಿದೆ.

"ಯಾವಾಗ್ಲೂ ಕೈಯಲ್ಲಿ ಯಾರದಾದ್ರೂ ಸೀಟು ಇರೋದು. ಇವತ್ತು ಖಾಲಿ ಇತ್ತು ನೋಡು, ಚಪ್ಪಾಳೆ ಹೊಡೆದೆ."