ಗೋಡೆಯಾಚೆಯ ಆಯಿಯ ಕೆಂಪು ಕೋಳಿ

ಆಯಿಯ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಇದ್ದಿಲ ಮಸಿ. ಕಾವಿಗೆ ಇಡುವ ಪ್ರತಿ ತತ್ತಿಗೂ ಅವಳು ಇದ್ದಿಲಿನಿಂದ ಗುರುತು ಹಾಕುತ್ತಿದ್ದಳು. ಬೇರೆ ಕೋಳಿ ಕದ್ದು ಬಂದು ಅದೇ ಪುಟ್ಟಿಯಲ್ಲಿ ಹೊಸ ತತ್ತಿ ಇಟ್ಟು ಹೋದರೆ ಗೊತ್ತಾಗಲಿ ಅಂತ. ಆ ಹೆಬ್ಬೆರಳಿನ ಗುರುತು ಅವಳ ಸೆರಗಿನ ಮೇಲೆ, ಚಹಾದ ಕಪ್ಪಿನ ಮೇಲೆ, ಒಮ್ಮೊಮ್ಮೆ ನನ್ನ ಮಗಳ ಗಲ್ಲದ ಮೇಲೂ ಇರುತ್ತಿತ್ತು.

ಆ ಭಾನುವಾರ ಬೆಳಿಗ್ಗೆಯೂ ನಾನು ಮೊದಲು ಕಂಡದ್ದು ಅದನ್ನೇ. ಹಾಲು ಕಾಯಲು ಇಟ್ಟು, ಜೋಳದ ನುಚ್ಚಿನ ಬಟ್ಟಲು ಹಿಡಿದು ಹಿತ್ತಲಿಗೆ ಬಂದೆ. ನಮ್ಮೆರಡು ಮನೆಗಳ ನಡುವಿನ ಗೋಡೆಯ ಮೇಲೆ ಬೆರಳುಗಳು ಮೂಡಿದವು. ಅವುಗಳ ಹಿಂದೆ ಆಯಿಯ ಬಿಳಿ ತಲೆ.

“ಎದ್ದಾಳೇನ?”

“ಇನ್ನೂ ಇಲ್ರಿ ಆಯಿ.”

“ಏಳ್ತಾಳ ಬಿಡು. ಬಾಣಂತಿಗಿ ಗಡಿಬಿಡಿ ಮಾಡಬಾರದು. ನುಚ್ಚು ದೂರ ಇಡು, ನಾಕ್ ಹೆಜ್ಜಿ ನಡೀಲಿ. ಕುಂತು ಕುಂತು ಕಾಲ ಹಿಡದಿರ್ತಾವ.”

ಬೇವಿನ ಮರದಡಿಯ ತಗಡಿನ ಗೂಡಿನಲ್ಲಿ, ಹುಲ್ಲು ಹಾಸಿದ ಬಿದಿರ ಪುಟ್ಟಿಯಲ್ಲಿ, ಅವಳ ಕೆಂಪು ಕೋಳಿ ಕಾವಿಗೆ ಕೂತಿತ್ತು. ನಾನು ಬಗ್ಗಿದರೆ ಸಾಕು, ಮೈ ಉಬ್ಬಿಸಿ ಗುರ್ ಅನ್ನುತ್ತಿತ್ತು. ಆದರೆ ಓಡುತ್ತಿರಲಿಲ್ಲ. ಕಾವಿಗೆ ಕೂತ ಕೋಳಿ ಓಡುವುದಿಲ್ಲ ಎಂಬುದನ್ನು ಆ ದಿನ ನಾನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಿತ್ತು.

ಆಯಿ ಔರಾದ ಕಡೆಯ ಚಿಂತಾಕಿಯವಳು. ಮಗ ಬೀದರಿನ ಮೈಲೂರಿನಲ್ಲಿ ನಮ್ಮ ಪಕ್ಕ ಮನೆ ಕಟ್ಟಿಸಿದಾಗ ಬಸ್ಸಿನಲ್ಲಿ ಕೋಳಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವಳು. ಕಂಡಕ್ಟರ್ ಅವಕ್ಕೂ ಟಿಕೆಟ್ ತೆಗೆಸು ಅಂದನಂತೆ. “ಅವಕ್ಕ ಸೀಟ್ ಕೊಡಪಾ, ಆಮ್ಯಾಲ ತೆಗಸ್ತೀನಿ” ಅಂದಳಂತೆ. ಇದನ್ನು ಹೇಳುವಾಗೆಲ್ಲ ಅವಳು ಕಂಡಕ್ಟರನ ದನಿಯನ್ನೂ ತಾನೇ ಮಾಡುತ್ತಿದ್ದಳು.

ಒಂದೊಂದಾಗಿ ಆ ಕೋಳಿಗಳೆಲ್ಲ ಹೋದವು. ಕೆಲವು ಬೆಕ್ಕಿಗೆ, ಕೆಲವು ರೋಗಕ್ಕೆ. ಉಳಿದದ್ದು ಈ ಕೆಂಪು ಕೋಳಿ ಒಂದೇ. ಮರಿಯಾಗಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಅದರ ಎಡಗಾಲಿನ ನಡುಬೆರಳು ಸೊಟ್ಟಗಾಗಿತ್ತು. “ಇದರವ್ವನ ಅವ್ವ ನಮ್ಮ ಕೊಟಗ್ಯಾಗ ಇದ್ದಾಕಿ. ನಾ ಮದ್ವಿಯಾಗಿ ಬಂದಾಗ ನಮ್ಮತ್ತಿ ನನ್ನ ಕೈಯಾಗ ಕೊಟ್ಟ ಕೋಳಿ ವಂಶ ಇದು” ಅನ್ನುತ್ತಿದ್ದಳು. ಮಗ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸಿದ ಮೇಲೆ ಕೋಳಿಗೆ ಮೈ ಹೊರಳಿಸಲು ಒಂದು ಹಿಡಿ ಮಣ್ಣೂ ಅಲ್ಲಿರಲಿಲ್ಲ. ಕೋಳಿ ಕಾವಿಗೆ ಬಂದಾಗ ಅವಳು ಗೋಡೆಯ ಮೇಲಿಂದ ಕೇಳಿದಳು: “ನಿನ್ನ ಹಿತ್ತಲದಾಗ ಕೂಡಸ್ಲೇನ?”

ನನಗೆ ಹಿಗ್ಗು. ನಮ್ಮ ಮನೆಯಲ್ಲೂ ಕೋಳಿಗಳಿದ್ದವು, ಸೈಕಲ್ಲಿನವನ ಹತ್ತಿರ ಮರಿಯಾಗಿ ಕೊಂಡವು. ತತ್ತಿ ಇಟ್ಟು ಎದ್ದು ಹೋಗುತ್ತಿದ್ದವೇ ಹೊರತು ಅದರ ಮೇಲೆ ಕೂರುತ್ತಿರಲಿಲ್ಲ.

“ನಿನ್ನ ಕೋಳಿ ಕಾನ್ವೆಂಟದವು” ಅಂದಿದ್ದಳು ಆಯಿ. “ತತ್ತಿ ಇಟ್ಟು ಥ್ಯಾಂಕ್ಯೂ ಅಂದು ಹೋಗ್ತಾವ.”

ನಾನು ಭಾಲ್ಕಿಯಲ್ಲಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದವಳು ಎಂಬುದು ಅವಳಿಗೆ ಮುಗಿಯದ ತಮಾಷೆ. ತತ್ತಿಗೆ ಗುರುತು ಹಾಕುವಾಗಲೂ ಅಷ್ಟೆ. ತನ್ನ ತತ್ತಿಗಳಿಗೆ ಚುಕ್ಕೆ ಇಟ್ಟಳು, ನನ್ನವಕ್ಕೆ ಗುಣಾಕಾರದ ಚಿಹ್ನೆ. “ನೀ ಓದಿದಾಕಿ. ಲೆಕ್ಕ ಇರ್ಲಿ.” ಚೂಪು ತತ್ತಿಯಲ್ಲಿ ಹುಂಜ, ದುಂಡು ತತ್ತಿಯಲ್ಲಿ ಹ್ಯಾಟೆ ಎಂದು ಅವಳ ಹಟ. ಹಿಂದೊಮ್ಮೆ ಬರೀ ದುಂಡನೆಯವನ್ನೇ ಆರಿಸಿ ಇಟ್ಟು, ಬಹುಪಾಲು ಹುಂಜಗಳೇ ಎದ್ದಾಗ, ಎರಡು ದಿನ ಗೋಡೆಯ ಹತ್ತಿರ ಬರಲಿಲ್ಲ. ಮೂರನೆಯ ದಿನ ಬಂದು, “ಈ ಬೀದರ್ ನೀರೇ ಸರಿ ಇಲ್ಲ” ಅಂದಳು.

ಇನ್ನೊಂದು ಮಾತಿಗೂ ಅವಳು ನನ್ನನ್ನು ಕಾಡುತ್ತಿದ್ದಳು. ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ‘ಸಾರಿ’ ನನ್ನ ಬಾಯನ್ನು ಇಂದಿಗೂ ಬಿಟ್ಟಿಲ್ಲ. ನೀರು ತುಳುಕಿದರೆ ಸಾರಿ, ಬಾಗಿಲು ತೆಗೆಯುವುದು ತಡವಾದರೆ ಸಾರಿ. “ಏನ್ ಕೆಡ್ಸೀದಿ ಅಂತ ದಿನಾ ಹತ್ತ ಸಲ ಸಾರಿ ಅಂತಿ?” ಅನ್ನುತ್ತಿದ್ದಳು. “ಉಳಿಸ್ಕೋ ಸ್ವಲ್ಪ. ಮುಂದ ಬೇಕಾಗ್ತದ.”

ಆ ಭಾನುವಾರ ಭಾಲ್ಕಿಯಿಂದ ನನ್ನ ಅಣ್ಣ, ಅತ್ತಿಗೆ ಊಟಕ್ಕೆ ಬರುವವರಿದ್ದರು. ನಮ್ಮ ಮನೆಯವರಿಗೆ ಔರಾದಿನಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೊರಡುವವರು. ಹಿತ್ತಲಿನಲ್ಲಿ ಆಯಿಯ ಕೋಳಿ ಕೂತಿದೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳಬಾರದೆಂದಲ್ಲ. ವಾರದ ಮಾತುಗಳಲ್ಲಿ ಅದು ಹಿಂದೆ ಬಿದ್ದಿತ್ತು.

“ಒಂದು ಕೋಳಿ ಹಿಡಿದು, ಮೂಲೆ ಅಂಗಡಿಯಾಗ ಸ್ವಚ್ಛ ಮಾಡಿಸಿಕೊಂಡು ಬರ್ರಿ” ಎಂದು ಹೇಳಿ ನಾನು ಗಿರಣಿಗೆ ಹಿಟ್ಟು ಬೀಸಿಸಲು ಹೋದೆ. ಅಲ್ಲಿ ಸಾಲು ಉದ್ದವಿತ್ತು. ನಾನು ಬರುವ ಹೊತ್ತಿಗೆ ತುಂಡುಗಳು ತೊಳೆದು ಪಾತ್ರೆಯಲ್ಲಿದ್ದವು. ಅತಿಥಿಗಳು ದಾರಿಯಲ್ಲಿದ್ದೇವೆ ಎಂದು ಫೋನು ಮಾಡಿದ್ದರು. ಮಸಾಲೆ ಅರೆದೆ, ಒಗ್ಗರಣೆ ಹಾಕಿದೆ, ಒಲೆ ಬಿಟ್ಟು ಹಿತ್ತಲಿಗೆ ಹೋಗಲಿಲ್ಲ.

ನಮ್ಮ ಮನೆಯಲ್ಲಿ ಕೋಳಿ ಸಾರು ಆದರೆ ಮೊದಲ ಬಟ್ಟಲು ಗೋಡೆಯಾಚೆಗೆ. ಅವರ ಮನೆಯಲ್ಲಾದರೆ ಈಚೆಗೆ. ಇದನ್ನು ಯಾರೂ ಮಾತಾಡಿ ಗೊತ್ತುಮಾಡಿದ್ದಲ್ಲ, ಹಾಗೇ ನಡೆದು ಬಂದದ್ದು. ಆಯಿಗೆ ಕೋಳಿಯ ಕಾಲೆಂದರೆ ಇಷ್ಟ, ಚೀಪುತ್ತ ಅರ್ಧ ಗಂಟೆ ಕೂರುತ್ತಿದ್ದಳು. ಎರಡೂ ಕಾಲುಗಳನ್ನು ನಾನೇ ಸೌಟಿನಿಂದ ಆರಿಸಿ ಅವಳ ಬಟ್ಟಲಿಗೆ ಹಾಕಿದೆ. ಸಣ್ಣ ಸಣ್ಣದೂ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಬೆಂದ ಕಾಲಿನ ಬೆರಳುಗಳು ಮುದುಡಿರುತ್ತವೆ, ನಿಜ. ಆದರೂ ನಾನು ನೋಡಬಹುದಿತ್ತು.

ಊಟವಾಗಿ, ಅಣ್ಣನವರನ್ನು ಕಳಿಸಿ, ಉಳಿದ ರೊಟ್ಟಿ ಚೂರುಗಳನ್ನು ಹಿಡಿದು ಹಿತ್ತಲಿಗೆ ಹೋದೆ. ಗೂಡಿನಲ್ಲಿ ಗುರ್ ಎನ್ನುವ ಸದ್ದಿಲ್ಲ. ಪುಟ್ಟಿಯಲ್ಲಿ ತತ್ತಿಗಳು ಬರಿದೇ ಕೂತಿದ್ದವು, ಚುಕ್ಕೆಯವು, ಗುಣಾಕಾರದವು. ಕೈಯಿಟ್ಟೆ. ತಣ್ಣಗಿದ್ದವು. ಗೂಡಿನಿಂದ ಆಚೆ ಸುರಿದ ಒಲೆಯ ಬೂದಿಯಲ್ಲಿ ಕೋಳಿ ಹೊರಳಿದ ಗುಳಿ ಹಾಗೇ ಇತ್ತು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಬಾಯಿ ಮುಕ್ಕಳಿಸುತ್ತಿದ್ದರು. ಕೇಳಿದೆ.

“ಕೆಂಪಂದಾ? ಹೌದು. ಉಳಿದವೆಲ್ಲ ಓಡಿದವು. ಅದೊಂದು ಬೂದ್ಯಾಗ ಉಬ್ಬಿಕೊಂಡು ಕೂತಿತ್ತು, ತಾನ ಕೈಗಿ ಬಂತು. ಯಾಕ?”

ಹೇಳಿದೆ. ಅವರು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. ಆಮೇಲೆ, “ಹೇಳಬಾರದಾಗಿತ್ತೇನ ನೀ?” ಅಂದರು. ಬಯ್ದದ್ದಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ತತ್ತಿಗಳನ್ನು ಸೆರಗಿಗೆ ಹಾಕಿಕೊಂಡು ಗೋಡೆಯ ಹತ್ತಿರ ಹೋದೆ. ಗೋಡೆಯ ಮೇಲೆ ನನ್ನ ಬಟ್ಟಲು ತೊಳೆದು ಇಟ್ಟಿತ್ತು, ಅದರ ತುಂಬ ಹುರಿದ ಶೇಂಗಾ. ಬಟ್ಟಲನ್ನು ಬರಿದಾಗಿ ಮರಳಿಸುವವಳಲ್ಲ ಅವಳು. ತನ್ನ ಕೋಳಿಯನ್ನೇ ಉಂಡು, ಅದಕ್ಕೆ ಬದಲಾಗಿ ಶೇಂಗಾ ಕೊಟ್ಟಿದ್ದಾಳೆ ಎಂದುಕೊಂಡೆ.

“ಆಯಿ” ಎಂದು ಕರೆದೆ.

ಅವಳು ಬಂದಳು. ನನ್ನ ಸೆರಗು ನೋಡಿದಳು. ನೀರು ತುಳುಕಿದರೆ ಬರುವ, ಬಾಗಿಲು ತಡವಾದರೆ ಬರುವ ಆ ಮಾತು ನನ್ನ ಬಾಯಿಗೆ ಬರಲಿಲ್ಲ.

“ಬೆಕ್ಕ ಒಯ್ತು, ಹೌದಲ್ಲ?” ಅಂದಳು ಆಯಿ.

ನಾನು ಸೆರಗಿನ ತತ್ತಿಗಳನ್ನು ಎದೆಗೆ ಹತ್ತಿರ ಹಿಡಿದುಕೊಂಡೆ.

“ಆ ಬೂದಿ ಬಣ್ಣದ್ದು. ಮುಂಜಾನಿಂದ ಗ್ವಾಡಿ ಮ್ಯಾಲ ಅಡ್ಡಾಡ್ತಿತ್ತು. ನಾನೂ ನೋಡ್ದೆ.”

ನಾನು ತಲೆ ಆಡಿಸಿದೆ. ಹೌದು ಅಂದಂತೆ.

ಅವಳು ಗೋಡೆಯ ಮೇಲಿಂದ ಕೈ ಚಾಚಿ ಒಂದು ತತ್ತಿ ತೆಗೆದು ಮುಚ್ಚಿದ ಕಣ್ಣ ರೆಪ್ಪೆಗೆ ಒತ್ತಿಕೊಂಡಳು. ಬಿಸಿ ನೋಡುವುದು ಅವಳು ಹಾಗೆ. ಬಹಳ ಹೊತ್ತು ಒತ್ತಿಕೊಂಡೇ ನಿಂತಿದ್ದಳು.

“ಪೂರಾ ಆರಿಲ್ಲ” ಅಂದಳು. “ಸಂತಪುರದಾಗ ನಮ್ಮ ತಂಗಿ ಮನ್ಯಾಗ ಒಂದು ಕೂತದ. ಕೊಡು ಇಲ್ಲಿ, ಎಲ್ಲಾ ಕೊಡು. ಬಸ್ಸ ಸಿಗ್ತದ ಇನ್ನಾ.”

“ನಾನೂ ಬರ್ತೇನ್ರಿ ಆಯಿ.”

“ನೀ ಯಾಕ? ಮುಖಾ ನೋಡ್ಕೋ ಕನ್ನಡ್ಯಾಗ. ಹೋಗಿ ಮಲ್ಕೋ.”

ತತ್ತಿಗಳನ್ನು ಹಳೆಯ ಕೌದಿಯಲ್ಲಿ ಸುತ್ತಿ, ಪುಟ್ಟಿಯಲ್ಲಿಟ್ಟು, ಅದನ್ನು ಎದೆಗೆ ಅವಚಿಕೊಂಡು ಅವಳು ಓಣಿ ದಾಟಿ ಹೋದಳು.

ಅವುಗಳಲ್ಲಿ ಕೆಲವೇ ಮರಿಯಾದವು. ಬೆಳೆದ ಮೇಲೆ ಸಂತಪುರದಿಂದ ಅವಳು ತಂದದ್ದು ಒಂದೇ, ಒಂದು ಕೆಂಪು ಹ್ಯಾಟೆ. ಅದನ್ನು ತನ್ನ ಮನೆಗೆ ಒಯ್ಯದೆ ಗೋಡೆಯ ಮೇಲಿಂದ ನನ್ನ ಕೈಗೆ ಇಳಿಸಿದಳು. “ಮಣ್ಣು ನಿಮ್ಮಲ್ಲೇ ಅದ. ಇಟ್ಕೋ. ಬೆಕ್ಕಿನ ಕಡಿಂದ ಜ್ವಾಕಿ.” ಈಗ ನಮ್ಮ ಹಿತ್ತಲಿನಲ್ಲಿರುವ ಕೆಂಪು ಕೋಳಿಗಳೆಲ್ಲ ಅದರವೇ. ಕಾವಿಗೆ ಕೂರುತ್ತವೆ, ಮರಿ ಎಬ್ಬಿಸುತ್ತವೆ. ಮನೆಯವರು ಕೋಳಿ ಹಿಡಿಯುವ ಮೊದಲು ಈಗ ನನ್ನನ್ನು ಕೂಗಿ ಕೇಳುತ್ತಾರೆ.

ಆಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನೋಡಲು ಹೋದಾಗ ಯಾರೋ ಅವಳ ಕೈಗಳನ್ನು ಚೆನ್ನಾಗಿ ತೊಳೆದಿದ್ದರು. ಬೆಳ್ಳಗಿದ್ದ ಆ ಹೆಬ್ಬೆರಳು ನನಗೆ ಅವಳದೆನಿಸಲೇ ಇಲ್ಲ. ಅಲ್ಲಿಯೂ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

ಬೆಕ್ಕಿನ ಸುಳ್ಳನ್ನು ಅವಳು ನಂಬಿದ್ದಳು, ನಾನು ನಂಬಿಸಿದೆ ಎಂದಷ್ಟೇ ಆಗಿದ್ದರೆ, ಎಂದೋ ಒಂದು ದಿನ ಗೋಡೆಯ ಹತ್ತಿರ ನಿಂತು ನಿಜ ಹೇಳುವ ಧೈರ್ಯ ಮಾಡುತ್ತಿದ್ದೆನೇನೋ. ಹೇಳಲು ಏನೂ ಉಳಿದಿಲ್ಲ ಎಂದು ನನಗೆ ಆ ಭಾನುವಾರ ಸಂಜೆಯೇ ಗೊತ್ತಾಗಿತ್ತು. ಆಯಿ ಇನ್ನೂ ಸಂತಪುರದಿಂದ ಮರಳಿರಲಿಲ್ಲ. ನಾನು ಅಂಗಳ ಗುಡಿಸುತ್ತಿದ್ದೆ. ಎದುರು ಮನೆಯ ವೈನಿ ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನ ಬಳಿ ನಿಂತು, ಮಗನ ಅಂಗಿಯ ಗುಂಡಿ ನೋಡುತ್ತಲೇ ಅಂದರು:

“ನಿಮ್ಮ ಕೋಳಿ ಸಾರು ಇವತ್ತ ನಮ್ಮ ಪಾಲಿಗಿ ಬಂತರಿ. ಆಯಿ ಬಟ್ಟಲಾಗಿಂದ ಕಾಲ ತಗೊಂಡು ಬೆರಳ ಹಿಡದು ಹಿಡದು ನೋಡಿದಳು, ಆಮ್ಯಾಲ ಹಲ್ಲ ನೋಯ್ತಾವ ಅಂದು ಸಾರೆಲ್ಲಾ ನಮಗ ಹಾಕಿ ಹೋದಳು. ಎಲ್ಲಾ ಮಸ್ತ್ ಇತ್ತು, ಉಪ್ಪ ಮಾತ್ರ ಒಂಚೂರು ಕಮ್ಮಿ ಬಿದ್ದಿತ್ತು ನೋಡ್ರಿ.”